ಡ್ರಿಫ್ಟ್ ಡೈವ್‌ಗೆ ಬೇರೆ ಕಾರ್ಡ್ ಬೇಕಾ?

1/9

ಪ್ರತಿ ವರ್ಷ ಚಳಿ ಶುರುವಾಗೋ ಹೊತ್ತಿಗೆ ಇನ್‌ಬಾಕ್ಸ್‌ಗೆ ಈ ಪ್ರಶ್ನೆ ಬಂದೇ ಬರತ್ತೆ. "ಓಪನ್ ವಾಟರ್ ಮುಗಿದಿದೆ. ನೇತ್ರಾಣಿಯಲ್ಲಿ ನಾಲ್ಕು, ಅಂಡಮಾನ್‌ನಲ್ಲಿ ಆರು ಡೈವ್ ಆಗಿದೆ. ಫೆಬ್ರವರಿಗೆ ಮಾಲ್ಡೀವ್ಸ್ ಬುಕ್ ಮಾಡಿದ್ದೀವಿ. ಅಲ್ಲಿ ಎಲ್ಲಾ ಡ್ರಿಫ್ಟ್ ಡೈವೇ ಅಂತೆ. ಡ್ರಿಫ್ಟ್ ಸ್ಪೆಷಾಲಿಟಿ ಅಂತ ಒಂದು ಕೋರ್ಸ್ ಇದೆಯಂತಲ್ಲ, ಮಾಡ್ಲೇಬೇಕಾ? ಇಲ್ಲಾ ಸುಮ್ನೆ ದುಡ್ಡು ಕೀಳೋಕೆ ಹೇಳ್ತಾರಾ?"

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಕಾರ್ಡ್ ಬೇಕಾಗಿಲ್ಲ. ಕಲಿಕೆ ಬೇಕು. ಅದರಲ್ಲೂ ಒಂದು ಕೆಲಸ ಕೈಗೆ ಬರದೇ ಇದ್ರೆ ಸೆಳವಿರೋ ನೀರಿಗೆ ನೀವು ಇಳಿಯಲೇಬಾರದು ಅಂತ ನನ್ನ ಅಭಿಪ್ರಾಯ. ಆ ಕೆಲಸ ನೀರಿನಡಿ ನಡೆಯೋದೇ ಆದ್ರೂ ಅದರ ಉಪಯೋಗ ಇರೋದು ನೀರಿನ ಮೇಲೆ. ಫೋಟೋದಲ್ಲಿ ನನ್ನ ಪಕ್ಕ ನಿಂತಿರೋ ಕಿತ್ತಳೆ ಬಣ್ಣದ ಉದ್ದನೆಯ ಕೊಳವೆ ಇದೆಯಲ್ಲ, ಅದರ ಕಥೆ. ಆರನೇ ಪೋಸ್ಟ್‌ಗೆ ಬರ್ತೀನಿ.

ಉದ್ದ ಇದೆ. ಸೇವ್ ಮಾಡ್ಕೊಂಡು ಮೆಟ್ರೋದಲ್ಲಿ ಓದಿ.

2/9

ಗೊತ್ತಿಲ್ಲದವರಿಗೆ ಮೊದಲು ಹೇಳ್ತೀನಿ. ನೇತ್ರಾಣಿಯಲ್ಲಿ ಸಾಮಾನ್ಯವಾಗಿ ಏನಾಗತ್ತೆ? ಮುರುಡೇಶ್ವರದಿಂದ ಬೋಟ್ ಹೊರಟು ದ್ವೀಪದ ಪಕ್ಕ ನಿಲ್ಲತ್ತೆ. ನೀವು ಇಳೀತೀರಿ, ಬಂಡೆಗಳ ಸುತ್ತ ಒಂದು ಸುತ್ತು ಹಾಕ್ತೀರಿ, ಅದೇ ಬೋಟ್‌ಗೆ ವಾಪಸ್ ಬರ್ತೀರಿ. ಬೋಟ್ ಮನೆ ಇದ್ದ ಹಾಗೆ, ಇದ್ದಲ್ಲೇ ಇರತ್ತೆ.

ಡ್ರಿಫ್ಟ್ ಡೈವ್‌ನಲ್ಲಿ ವಾಪಸ್ ಬರೋ ಪ್ರಶ್ನೆಯೇ ಇಲ್ಲ. ಒಂದು ಕಡೆ ಇಳೀತೀರಿ, ಸೆಳವು ಕರ್ಕೊಂಡು ಹೋಗತ್ತೆ, ಇನ್ನೊಂದು ಕಡೆ ಮೇಲೆ ಬರ್ತೀರಿ. ಬೋಟೇ ಹಿಂದೆ ಬಂದು ಎತ್ಕೊಳ್ಳತ್ತೆ. ಹರಿಗೋಲು ನೋಡಿದ್ದೀರಲ್ಲ, ಹೊಳೆ ಜೊತೆ ಜಗಳ ಆಡಲ್ಲ ಅದು. ಹೊಳೆ ಎಷ್ಟು ದೂರ ಒಯ್ಯತ್ತೋ ಅಷ್ಟು ಕೆಳಗೆ ದಡ ಮುಟ್ಟತ್ತೆ ಅಂತ ಲೆಕ್ಕ ಹಾಕಿಯೇ ಅಂಬಿಗ ಮೇಲಿನಿಂದ ಬಿಡ್ತಾನೆ. ಡ್ರಿಫ್ಟ್ ಡೈವ್‌ನ ಅರ್ಧ ಜ್ಞಾನ ಇಷ್ಟೇ.

ಅಂದಹಾಗೆ, ಡೈವರ್‌ಗಳ ಭಾಷೆಯಲ್ಲಿ ಸೆಳವಿಗೆ 'ಕರೆಂಟ್' ಅಂತಾರೆ. "ಇವತ್ತು ಕರೆಂಟ್ ಜೋರಾಗಿತ್ತು" ಅಂತ ಫೋನಲ್ಲಿ ಹೇಳಿದ್ರೆ ನಮ್ಮಮ್ಮ ಇವತ್ತಿಗೂ ಶಾಕ್ ಹೊಡೀತಾ ಅಂತ ಕೇಳ್ತಾರೆ. ಹಾಗಾಗಿ ಇಲ್ಲಿ ಸೆಳವು ಅಂತಲೇ ಬರೀತೀನಿ.

ಮಾಲ್ಡೀವ್ಸ್‌ನಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂದ್ರೆ ಅಲ್ಲಿನ ಭೂಗೋಳವೇ ಹಾಗಿದೆ. ಉಂಗುರದಂಥ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು, ಹೊರಗೆ ಮಹಾಸಾಗರ, ನಡುನಡುವೆ ಕಂಡಿಗಳು. ಈ ಕಂಡಿಗಳಿಗೆ ಅವರ ದಿವೇಹಿ ಭಾಷೆಯಲ್ಲಿ 'ಕಂಡು' ಅಂತಾರೆ. ಕನ್ನಡದ ಕಿವಿಗೆ ಗುರುತಿನ ಶಬ್ದದ ಹಾಗೇ ಕೇಳತ್ತೆ, ಸಂಬಂಧ ಇದೆಯೋ ಇಲ್ಲವೋ ಭಾಷಾಶಾಸ್ತ್ರದವರು ಹೇಳಲಿ. ಕುಂದಾಪುರ, ಹೊನ್ನಾವರ ಕಡೆಯವರಿಗೆ ಅಳಿವೆ ಅಂದ್ರೆ ತಕ್ಷಣ ಅರ್ಥ ಆಗತ್ತೆ. ಉಬ್ಬರದಲ್ಲಿ ನೀರು ಒಳಗೆ ನುಗ್ಗತ್ತೆ, ಇಳಿತದಲ್ಲಿ ಹೊರಗೆ ಓಡತ್ತೆ. ದಾರಿ ಕಿರಿದಾದಷ್ಟೂ ವೇಗ ಜಾಸ್ತಿ. ಒಳಗೆ ಬರೋ ನೀರು ಸಾಗರದ ತಿಳಿ ನೀರು. ಅದರ ಬಾಯಲ್ಲೇ ಶಾರ್ಕ್‌ಗಳು ಗಾಳಿಗೆ ಎದುರು ನಿಂತ ಗಾಳಿಪಟದ ಹಾಗೆ ಸಾಲಾಗಿ ನಿಲ್ಲೋದು. ಅದನ್ನ ನೋಡೋಕೇ ನೀವು ಹೋಗ್ತಿರೋದು.

ಇನ್ನೊಂದು ಮಾತು, ನಕ್ಷೆ ತೆಗೆದು ಅಳೆದು ನೋಡಿ: ಬೆಂಗಳೂರಿಗೆ ದಿಲ್ಲಿಗಿಂತ ಮಾಲೆ ಹತ್ತಿರ. ನಮ್ಮ ಕಡೆಯವರು ಹತ್ತು ಡೈವ್ ಆಗ್ತಿದ್ದ ಹಾಗೇ ಅಲ್ಲಿಗೆ ಹೋಗೋದ್ರಲ್ಲಿ ಆಶ್ಚರ್ಯ ಇಲ್ಲ.

3/9

ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ.

ಸೆಳವನ್ನ ನಾಟ್‌ನಲ್ಲಿ ಅಳೀತಾರೆ. ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿ.ಮೀ. ನೀವು ನಡೆಯೋ ವೇಗಕ್ಕಿಂತ ತುಂಬಾ ಕಡಿಮೆ. ಕೇಳೋಕೆ ಏನೂ ಅಲ್ಲ. ಆದ್ರೆ ನಿಮಿಷಕ್ಕೆ ಸುಮಾರು 31 ಮೀಟರ್. ಸಿಲಿಂಡರ್, ಜಾಕೆಟ್, ಕ್ಯಾಮೆರಾ ಎಲ್ಲಾ ಹೊತ್ತ ಸಾಮಾನ್ಯ ಡೈವರ್ ಒಂದು ನಾಟ್ ಸೆಳವಿಗೆ ಎದುರಾಗಿ ಕೆಲವೇ ನಿಮಿಷ ಈಜಬಲ್ಲ. ಆಮೇಲೆ ಏದುಸಿರು. ಯಾಕಂದ್ರೆ ನೀರಿನ ವೇಗ ಎರಡರಷ್ಟಾದ್ರೆ ಅದು ನಿಮ್ಮನ್ನ ಹಿಂದಕ್ಕೆ ತಳ್ಳೋ ಬಲ ನಾಲ್ಕರಷ್ಟಾಗತ್ತೆ. ಫಿನ್ ಎಷ್ಟು ದುಬಾರಿದಾದ್ರೂ ಈ ಲೆಕ್ಕ ಬದಲಾಗಲ್ಲ.

ಈಗ ಗಾಳಿಯ ಲೆಕ್ಕ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು, ಹಾಗಾಗಿ ಗಾಳಿಯೂ ಮೂರು ಪಟ್ಟು ಖರ್ಚು. ಆರಾಮಾಗಿ ಇರೋವಾಗ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋರು ಅಂದ್ಕೊಳ್ಳಿ, ಕೆಳಗೆ 60 ಲೀಟರ್ ಆಯ್ತು. ನಮ್ಮಲ್ಲಿ ಎಲ್ಲೆಡೆ ಕೊಡೋ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರ್‌ದು, 200 ಬಾರ್‌ಗೆ ತುಂಬಿಸ್ತಾರೆ. 50 ಬಾರ್ ಉಳಿಸಬೇಕು. ಬಳಸೋಕೆ ಸಿಗೋದು 150 ಬಾರ್, ಅಂದ್ರೆ 1650 ಲೀಟರ್. ಆರಾಮಾಗಿದ್ರೆ 27 ನಿಮಿಷ. ಸೆಳವಿಗೆ ಎದುರು ಒದ್ದಾಡಿ ಉಸಿರು ದುಪ್ಪಟ್ಟಾಯ್ತೋ, 14 ನಿಮಿಷ ಕೂಡ ಬರಲ್ಲ.

ಹೊಳೆ ಹತ್ತಿರ ಬೆಳೆದವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಎದುರು ಈಜಬೇಡ, ಓರೆಯಾಗಿ ಈಜು, ಕೆಳಗೆ ಎಲ್ಲಿ ಸಿಗತ್ತೋ ಅಲ್ಲಿ ದಡ ಹತ್ತು ಅಂತ ಅಜ್ಜಂದಿರು ಮಕ್ಕಳಿಗೆ ಹೇಳೋದು ಇದನ್ನೇ. ಸ್ವಿಮ್ಮಿಂಗ್ ಪೂಲ್‌ನಲ್ಲಿ ಕಲಿತ ನಮ್ಮ ನಗರದ ಮಂದಿಗೆ ಈ ಪಾಠ ತಪ್ಪಿಹೋಗಿರತ್ತೆ. ನೀರು ನಿಂತಿರತ್ತೆ, ನಾವು ಚಲಿಸ್ತೀವಿ ಅನ್ನೋದು ಪೂಲ್ ಕಲಿಸೋ ಸುಳ್ಳು.

4/9

ಹಾಗಾದ್ರೆ ಕೋರ್ಸ್‌ನಲ್ಲಿ ಏನಿರತ್ತೆ?

ಪ್ಯಾಡಿಯವರ ಡ್ರಿಫ್ಟ್ ಡೈವರ್ ಸ್ಪೆಷಾಲಿಟಿಗೆ ಓಪನ್ ವಾಟರ್ ಆಗಿರಬೇಕು, 12 ವರ್ಷ ತುಂಬಿರಬೇಕು. ಸಮುದ್ರದಲ್ಲಿ ಎರಡು ಡೈವ್. ಅಷ್ಟೇ. ಅಡ್ವಾನ್ಸ್‌ಡ್ ಮಾಡೋವಾಗ ಐದು ಅಡ್ವೆಂಚರ್ ಡೈವ್ ಇರತ್ತಲ್ಲ, ಅದರಲ್ಲಿ ಡೀಪ್ ಮತ್ತು ನ್ಯಾವಿಗೇಶನ್ ಕಡ್ಡಾಯ, ಉಳಿದ ಮೂರು ನಿಮ್ಮ ಇಷ್ಟ. ಆ ಮೂರರಲ್ಲಿ ಡ್ರಿಫ್ಟ್ ಆರಿಸ್ಕೋಬಹುದು. ಎಸ್‌ಎಸ್‌ಐನಲ್ಲಿ ಇದೇ ವಿಷಯಕ್ಕೆ ಅಲೆ, ಉಬ್ಬರವಿಳಿತ, ಸೆಳವು ಮೂರನ್ನೂ ಸೇರಿಸಿದ ಒಂದು ಕೋರ್ಸ್ ಇದೆ.

ವಿಷಯಗಳೇನೋ ಸರಿಯಾಗೇ ಇವೆ. ಸೆಳವು ಹೇಗೆ ಹುಟ್ಟತ್ತೆ, ಗುಂಪು ಹೇಗೆ ಒಟ್ಟಿಗೆ ಇಳೀಬೇಕು, ಸಂಗಾತಿ ತಪ್ಪಿದ್ರೆ ಏನು, ಬೋಟ್ ಜೊತೆ ಹೇಗೆ ಹೊಂದಿಸ್ಕೋಬೇಕು. ಕೋರ್ಸ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು, ಆ ಎರಡು ಡೈವ್ ಎಲ್ಲಿ ಆಯ್ತು ಅನ್ನೋದನ್ನ ಕಾರ್ಡ್ ಹೇಳಲ್ಲ ಅನ್ನೋದಕ್ಕೆ.

ಯೋಚನೆ ಮಾಡಿ. ಒಬ್ಬರು ಅರ್ಧ ನಾಟ್ ಸೆಳವಿನಲ್ಲಿ, ಮರಳು ತಳದ ಮೇಲೆ, 12 ಮೀಟರ್ ಆಳದಲ್ಲಿ ಎರಡು ಡೈವ್ ಮಾಡಿ ಕಾರ್ಡ್ ತಗೊಂಡ್ರು. ಇನ್ನೊಬ್ಬರು ಇಂಡೋನೇಷ್ಯಾದ ಕೊಮೊಡೊದಲ್ಲಿ, ಬಂಡೆಯ ಎರಡು ಕಡೆಯಿಂದಲೂ ನೀರು ಕಿತ್ಕೊಂಡು ಹೋಗೋ ಬಾಟು ಬೊಲೊಂಗ್‌ನಂಥ ಜಾಗದಲ್ಲಿ ಮಾಡಿದ್ರು. ಕಾರ್ಡ್ ಒಂದೇ. ಲೈಸೆನ್ಸ್ ಇದ್ದ ಹಾಗೆ ಇದು. ಖಾಲಿ ಮೈದಾನದಲ್ಲಿ ಎಂಟು ಹಾಕಿ ತಗೊಂಡವನಿಗೂ ಲೈಸೆನ್ಸೇ, ಆಗುಂಬೆ ಘಾಟಿ ದಿನಾ ಹತ್ತೋ ಡ್ರೈವರ್‌ಗೂ ಲೈಸೆನ್ಸೇ. ಯಾರ ಪಕ್ಕ ಕೂರ್ತೀರಿ?

ಮೆಕ್ಸಿಕೋದ ಕೊಝುಮೆಲ್ ದ್ವೀಪ ನೋಡಿ. ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ಡೈವ್‌ಗಳೂ ಡ್ರಿಫ್ಟ್ ಡೈವ್‌ಗಳೇ. ಜಗತ್ತಿನ ಎಷ್ಟೋ ಜನ ಓಪನ್ ವಾಟರ್ ಕಾರ್ಡ್ ಹಿಡ್ಕೊಂಡೇ ಅಲ್ಲಿಗೆ ಹೋಗಿ, ಸ್ಥಳೀಯ ಗೈಡ್ ಹಿಂದೆ ತೇಲ್ಕೊಂಡು, ಖುಷಿಯಾಗಿ ವಾಪಸ್ ಬರ್ತಾರೆ. ಅವರನ್ನೆಲ್ಲ ತಡೆದು ಸ್ಪೆಷಾಲಿಟಿ ತೋರಿಸಿ ಅನ್ನೋದು ನನ್ನ ಪ್ರಕಾರ ಅತಿ. ಮೆಲ್ಲಗಿನ ಸೆಳವಿನಲ್ಲಿ ಒಳ್ಳೆ ಬ್ರೀಫಿಂಗ್, ಒಳ್ಳೆ ಗೈಡ್, ನಿಮ್ಮ ಕೈಲಿ ಬಯನ್ಸಿ ಇದ್ರೆ ಸಾಕು. ಬಯನ್ಸಿ ಅಂದ್ರೆ ಮೇಲೂ ಹೋಗದೆ ಕೆಳಗೂ ಹೋಗದೆ ಇದ್ದಲ್ಲೇ ತೇಲೋದು. ಅದಿಲ್ಲದೆ ಸೆಳವಿಗೆ ಇಳಿದ್ರೆ ನೀವು ಹವಳಕ್ಕೆ ಉಜ್ಕೊಂಡು ಹೋಗೋ ಗೋಣಿಚೀಲ. ಹವಳಕ್ಕೂ ನಷ್ಟ, ನಿಮಗೂ ನಷ್ಟ.

5/9

ಈಗ ಕಷ್ಟದ ಭಾಗ.

2008ರ ಜೂನ್. ಕೊಮೊಡೊ ರಾಷ್ಟ್ರೀಯ ಉದ್ಯಾನ. ಯುರೋಪಿನ ಐದು ಜನ ಡೈವರ್‌ಗಳು ಮೇಲೆ ಬಂದಾಗ ಸೆಳವು ಅವರನ್ನ ಬೋಟ್‌ನಿಂದ ದೂರ ಒಯ್ದಿತ್ತು. ಗಂಟೆಗಟ್ಟಲೆ ತೇಲಿದ್ರು. ಕೊನೆಗೆ ರಿಂಚಾ ದ್ವೀಪದ ದಡ ಸೇರಿದ್ರು. ಅಲ್ಲಿ ಕೊಮೊಡೊ ಡ್ರ್ಯಾಗನ್! ಕಲ್ಲು ಹೊಡೆದು ಓಡಿಸಿ, ಕಡಲ ಚಿಪ್ಪುಜೀವಿಗಳನ್ನ ತಿಂದು ಜೀವ ಹಿಡ್ಕೊಂಡಿದ್ರು. ಎರಡು ದಿನದ ಮೇಲೆ ಸಿಕ್ಕರು, ಐದೂ ಜನ ಜೀವಂತ. ಕಥೆ ಡ್ರ್ಯಾಗನ್‌ನಿಂದಾಗಿ ಪ್ರಸಿದ್ಧ ಆಯ್ತು. ಡೈವರ್‌ಗಳು ನೋಡಬೇಕಾದ್ದು ಡ್ರ್ಯಾಗನ್‌ಗಿಂತ ಮುಂಚಿನ ಭಾಗ.

2014ರ ಫೆಬ್ರವರಿ 14. ಬಾಲಿ ಪಕ್ಕದ ನುಸಾ ಲೆಂಬೊಂಗನ್ ಹತ್ತಿರ ಏಳು ಜಪಾನೀ ಮಹಿಳೆಯರು ನೀರಿಗಿಳಿದ್ರು. ಅವರಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು. ಹವೆ ಕೆಟ್ಟಿತು, ಬೋಟ್‌ಗೆ ಅವರು ಕಾಣಲಿಲ್ಲ. ಸುಮಾರು ಮೂರು ದಿನ ಆದ ಮೇಲೆ ಐದು ಜನ ಜೀವಂತ ಸಿಕ್ಕರು. ಇಬ್ಬರು ಬದುಕಲಿಲ್ಲ, ಅವರಲ್ಲಿ ಒಬ್ಬರು ಇನ್‌ಸ್ಟ್ರಕ್ಟರ್.

ಇನ್‌ಸ್ಟ್ರಕ್ಟರ್ ಅಂದ್ರೆ ಕಾರ್ಡ್ ಕೊಡುವವರು. ಡ್ರಿಫ್ಟ್ ಕಾರ್ಡ್ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅನ್ನೋ ಮಾತಿಗೆ ಇಲ್ಲಿ ಜಾಗವೇ ಇಲ್ಲ. ತೀರಿಹೋದವರ ತಪ್ಪು ಹುಡುಕೋಕೆ ಇದನ್ನ ಬರೀತಿಲ್ಲ. ನಾನು ಹೇಳ್ತಿರೋದು ಇಷ್ಟು. ಎರಡೂ ಸಲ ಎಲ್ಲರನ್ನೂ ಹೆದರಿಸೋ ಆ 'ಆಳ' ಅಪಾಯ ಆಗಿರಲಿಲ್ಲ. ಬೋಟ್ ಮತ್ತು ಡೈವರ್ ಒಬ್ಬರಿಗೊಬ್ಬರು ಕಾಣದೇ ಹೋದದ್ದು ಅಪಾಯ.

ಮತ್ತೆ ಲೆಕ್ಕಕ್ಕೆ ಬನ್ನಿ. ಒಂದು ನಾಟ್ ಸೆಳವಿನಲ್ಲಿ ನೀವು ಮೇಲೆ ಬಂದು ಅರ್ಧ ಗಂಟೆ ಯಾರಿಗೂ ಕಾಣಲಿಲ್ಲ ಅಂದ್ರೆ 926 ಮೀಟರ್ ದೂರ ಹೋಗಿರ್ತೀರಿ. ಯಾವ ದಿಕ್ಕಿಗೆ ಅಂತ ಬೋಟ್‌ನವರಿಗೆ ಗೊತ್ತಿಲ್ಲದಿದ್ರೆ ಹುಡುಕಬೇಕಾದ ಜಾಗ ಸುಮಾರು 2.7 ಚದರ ಕಿ.ಮೀ. ನಮ್ಮ ಲಾಲ್‌ಬಾಗ್ 240 ಎಕರೆ, ಅಂಥ ಎರಡೂಮುಕ್ಕಾಲು ಲಾಲ್‌ಬಾಗ್. ಸೆಳವು ಎರಡು ನಾಟ್ ಆದ್ರೆ ಹನ್ನೊಂದು ಲಾಲ್‌ಬಾಗ್. ಅಷ್ಟು ಜಾಗದಲ್ಲಿ, ಅಲೆಗಳ ನಡುವೆ, ಕಪ್ಪು ವೆಟ್‌ಸೂಟ್ ಹಾಕಿರೋ ಒಬ್ಬರ ತಲೆ. ತೆಂಗಿನಕಾಯಿಯಷ್ಟು ಗಾತ್ರ. ಹುಡುಕಿ ನೋಡೋಣ.

6/9

ಈಗ ಆ ಕಿತ್ತಳೆ ಕೊಳವೆ.

ಇದರ ಹೆಸರು ಎಸ್‌ಎಂಬಿ. ನೀರಿನಡಿಯಿಂದಲೇ ಗಾಳಿ ತುಂಬಿಸಿ ಮೇಲೆ ಕಳಿಸೋ ತರದ್ದಾದ್ರೆ ಡಿಎಸ್‌ಎಂಬಿ ಅಂತಾರೆ. ಮಡಿಸಿದ್ರೆ ಜಾಕೆಟ್ ಜೇಬಿಗೆ ಹೋಗತ್ತೆ. ಜೊತೆಗೆ ಒಂದು ದಾರದುಂಡೆ. ನೀವು ಇನ್ನೂ ಕೆಳಗಿರೋವಾಗಲೇ ಇದು ಮೇಲೆ ಹೋಗಿ ಆಳೆತ್ತರ ನಿಲ್ಲತ್ತೆ. ಬೋಟ್‌ನವರು ದೂರದಿಂದಲೇ ನೋಡಿ, ಓ ಇವರು ಇಲ್ಲಿದ್ದಾರೆ, ಐದು ನಿಮಿಷದಲ್ಲಿ ಮೇಲೆ ಬರ್ತಾರೆ ಅಂತ ಹಿಂದೆ ಬರ್ತಾರೆ. ಬೇರೆ ಬೋಟ್‌ಗಳಿಗೂ ಗೊತ್ತಾಗತ್ತೆ, ನಿಮ್ಮ ತಲೆ ಮೇಲೆ ಪ್ರೊಪೆಲರ್ ಓಡಿಸಲ್ಲ.

ಇಷ್ಟು ಸರಳ ವಸ್ತು. ಆದ್ರೆ ಬಳಸೋದು ಸರಳ ಅಲ್ಲ. ದೊಡ್ಡ ಕ್ಯಾಮೆರಾ, ಒಳ್ಳೆ ಡೈವ್ ಕಂಪ್ಯೂಟರ್, ಕಾರ್ಡ್‌ಗಳ ಮೇಲೆ ಕಾರ್ಡ್ ಇರೋ ಎಷ್ಟೋ ಜನರನ್ನ ಬೋಟ್‌ಗಳಲ್ಲಿ ನೋಡಿದ್ದೀನಿ. ಎಸ್‌ಎಂಬಿ ಎಲ್ಲಿ ಅಂದ್ರೆ ಜೇಬಿಂದ ತೆಗೀತಾರೆ, ಅಂಗಡಿಯವನು ಹಾಕಿದ ರಬ್ಬರ್ ಬ್ಯಾಂಡ್ ಹಾಗೇ ಇರತ್ತೆ. ಒಂದು ಸಲವೂ ಬಿಚ್ಚಿಲ್ಲ. ಬೆಂಕಿ ಆರಿಸೋ ಸಿಲಿಂಡರ್ ಆಫೀಸಿನ ಗೋಡೆ ಮೇಲೆ ಇರತ್ತಲ್ಲ, ಹಾಗೆ.

ಯಾಕೆ ಕಷ್ಟ ಅಂದ್ರೆ ಇದನ್ನ ನೀವು ತೇಲ್ತಾ ಮಾಡಬೇಕು. ಹಿಡ್ಕೊಳ್ಳೋಕೆ ಏನೂ ಇಲ್ಲ, ಎರಡೂ ಕೈ ಕೆಲಸದಲ್ಲಿ, ಕಣ್ಣು ದಾರದ ಮೇಲೆ. ಗಮನ ಆ ಕಡೆ ಹೋದ ಕೂಡಲೇ ಆಳ ತಪ್ಪತ್ತೆ. ತುಂಬಾ ಜನ ಅರಿವಿಲ್ಲದೆ ಉಸಿರು ಎಳೆದು ಹಿಡೀತಾರೆ. ಸ್ಕೂಬಾದಲ್ಲಿ ಉಸಿರು ಹಿಡಿಯೋದು ಮಾಡಲೇಬಾರದ ಕೆಲಸ, ಮೊದಲ ದಿನದ ಪಾಠ. ಕೈಲಿ ಗಾಳಿ ತುಂಬಿದ ಚೀಲ ಬೇರೆ ಇದೆ, ಅದರ ಜೊತೆ ನೀವೂ ಮೇಲಕ್ಕೆ.

ಮತ್ತೊಂದು, ದಾರದುಂಡೆಯನ್ನ ಜಾಕೆಟ್‌ಗೆ ಸಿಕ್ಕಿಸಿಟ್ಟು ಬಿಡೋದು. ದಾರ ಎಲ್ಲಾದ್ರೂ ಸಿಕ್ಕು ಬಿತ್ತೋ, ಚೀಲ ನಿಮ್ಮನ್ನೂ ಎಳ್ಕೊಂಡು ಹೋಗತ್ತೆ. ಉಂಡೆ ಕೈಯಲ್ಲಿರಬೇಕು, ಸಿಕ್ಕಾದ್ರೆ ತಕ್ಷಣ ಬಿಟ್ಟುಬಿಡಬೇಕು. ಹೋದ್ರೆ ಹೋಯ್ತು, ಇನ್ನೊಂದು ಕೊಳ್ಳಬಹುದು.

ಚೀಲವನ್ನ ಪೂರ್ತಿ ತುಂಬಿಸೋಕೆ ಒದ್ದಾಡೋದೂ ಬೇಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಅರ್ಧ ತುಂಬಿಸಿದ್ರೆ ಮೇಲೆ ಹೋಗೋಷ್ಟರಲ್ಲಿ ತಾನೇ ಪೂರ್ತಿ ಆಗತ್ತೆ. ಕಳಿಸೋ ಮುಂಚೆ ಒಮ್ಮೆ ಮೇಲೆ ನೋಡಿ, ಬೋಟ್ ಸದ್ದು ಕೇಳಿ. ಕಳಿಸಿದ ಮೇಲೆ ದಾರ ಬಿಗಿಯಾಗಿ ಇಟ್ಕೊಳ್ಳಿ, ಸಡಿಲ ಬಿಟ್ರೆ ಮೇಲೆ ಚೀಲ ಮಲಗಿಬಿಡತ್ತೆ. ಮಲಗಿದ ಚೀಲ ದೂರದಿಂದ ಕಾಣಲ್ಲ. ಆಮೇಲೆ 5 ಮೀಟರ್‌ನಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್, ಅದೇ ದಾರ ಹಿಡ್ಕೊಂಡೇ.

ಇದನ್ನ ನಾನು ಬರೆದು ನೀವು ಓದಿದ್ರೆ ಬರಲ್ಲ, ಗೊತ್ತು. ಸೈಕಲ್ ಇದ್ದ ಹಾಗೆ. ಮೊದಲು ಪೂಲ್‌ನಲ್ಲಿ ಐದಾರು ಸಲ, ಆಮೇಲೆ ಸೆಳವಿಲ್ಲದ ಸಮುದ್ರದಲ್ಲಿ ಇನ್‌ಸ್ಟ್ರಕ್ಟರ್ ಎದುರು ಐದಾರು ಸಲ. ಒಂದು ಮೀಟರ್‌ಗಿಂತ ಹೆಚ್ಚು ಮೇಲೆ ಕೆಳಗೆ ಆಗದೆ ಕಳಿಸೋಕೆ ಬಂತು ಅನ್ನೋವರೆಗೂ. ಅಷ್ಟು ಬರೋವರೆಗೆ ಕಂಡುವಿನಲ್ಲಿ ಇಳಿಯೋದು ಬೇಡ. ಮಾಲ್ಡೀವ್ಸ್ ಟ್ರಿಪ್ ಮುಂದೆ ಹಾಕಿ ಅಂತಲೂ ಹೇಳ್ತೀನಿ, ಬೈಯ್ಕೊಳ್ಳಿ ಪರವಾಗಿಲ್ಲ.

ಗೈಡ್ ಹತ್ರ ಒಂದು ಇರತ್ತಲ್ಲ ಅಂತೀರಾ? ಗೈಡ್‌ನಿಂದ ನೀವು ಬೇರೆಯಾದ ದಿನವೇ ಅದು ಬೇಕಾಗೋದು. ಪ್ರತಿ ಡೈವರ್‌ಗೂ ಒಂದೊಂದು, ಜೊತೆಗೆ ಒಂದು ಸೀಟಿ, ಒಂದು ಪುಟ್ಟ ಟಾರ್ಚ್.

7/9

ಇನ್ನೆರಡು ಕೌಶಲ ಬೇಗ ಹೇಳಿ ಮುಗಿಸ್ತೀನಿ.

ಒಂದು, ನೆಗೆಟಿವ್ ಎಂಟ್ರಿ. ಸೆಳವು ಜೋರಿದ್ದಾಗ ಮೇಲೆ ತೇಲ್ತಾ ಎಲ್ಲರೂ ಸೇರೋವರೆಗೆ ಕಾಯೋ ಹಾಗಿಲ್ಲ, ಅಷ್ಟರಲ್ಲಿ ಜಾಗ ದಾಟಿಹೋಗಿರತ್ತೆ. ಹಾಗಾಗಿ ಜಾಕೆಟ್‌ನಲ್ಲಿ ಗಾಳಿ ಇಲ್ಲದೆ ಬಿದ್ದು ನೇರ ಕೆಳಗೆ ಹೋಗ್ತಾರೆ. ನೋಡೋಕೆ ಸ್ಟೈಲ್ ಆಗಿರತ್ತೆ, ರೀಲ್ಸ್‌ಗೆ ಚೆನ್ನಾಗಿರತ್ತೆ. ಆದ್ರೆ ಸಿಲಿಂಡರ್ ವಾಲ್ವ್ ಮುಚ್ಚಿರೋದು ಗೊತ್ತಾಗದೆ ಹಾಗೆ ಬಿದ್ರೆ? ಸಾಮಾನ್ಯವಾಗಿ ಜಾಕೆಟ್ ಉಬ್ಬಿರೋದ್ರಿಂದ ಮೇಲೇ ಇರ್ತೀರಿ, ಬಚಾವ್. ಇಲ್ಲಿ ಸೊಂಟದಲ್ಲಿ ಸೀಸ, ಜಾಕೆಟ್ ಖಾಲಿ, ಗಾಳಿ ಇಲ್ಲ, ಕೆಳಗೆ ಹೋಗ್ತಿದ್ದೀರಿ. ಬೋಟ್ ಮೇಲೇ ಗೇಜ್ ನೋಡ್ತಾ ರೆಗ್ಯುಲೇಟರ್‌ನಿಂದ ನಾಲ್ಕು ಸಲ ಪೂರ್ತಿ ಉಸಿರಾಡಿ. ಮುಳ್ಳು ಅಲುಗಾಡಿದ್ರೆ ವಾಲ್ವ್ ಸರಿಯಾಗಿ ತೆರೆದಿಲ್ಲ. ಬೋಟ್ ಹುಡುಗ ತೆರೆದಿದ್ದಾನೆ ಅಂತ ನಂಬ್ಕೊಂಡು ಬೀಳಬೇಡಿ. ಕಿವಿ ಸಮ ಮಾಡ್ಕೊಳ್ಳೋದು ನಿಧಾನ ಇರೋರು ಇದನ್ನ ಮಾಡಲೇಬೇಡಿ.

ಎರಡು, ಕೆಳಮುಖ ಸೆಳವು. ಗೋಡೆಯಂಥ ಬಂಡೆಯ ಅಂಚಲ್ಲಿ ನೀರು ಕೆಲವೊಮ್ಮೆ ಜೋಗದ ಹಾಗೆ ಕೆಳಕ್ಕೆ ಇಳಿಯತ್ತೆ. ನಿಮ್ಮ ಗುಳ್ಳೆಗಳು ಮೇಲೆ ಹೋಗೋ ಬದಲು ಕೆಳಗೆ ಹೋಗ್ತಿದ್ರೆ ಅರ್ಥ ಮಾಡ್ಕೊಳ್ಳಿ. ನೇರ ಮೇಲಕ್ಕೆ ಒದೆಯೋದು ಸೋಲೋ ಜಗಳ. ಅಡ್ಡಲಾಗಿ, ಗೋಡೆಯಿಂದ ಹೊರಗೆ ಬಯಲು ನೀರಿಗೆ ಈಜಿ. ಬಂಡೆ ಕೈಗೆಟುಕಿದ್ರೆ ಹಿಡ್ಕೊಂಡು ಒಂದೊಂದೇ ಹಿಡಿತ ಮೇಲೆ ಬನ್ನಿ. ಜಾಕೆಟ್‌ಗೆ ಗಾಳಿ ತುಂಬಿಸಬೇಕಾಗಿ ಬಂದ್ರೆ, ಸೆಳವಿನಿಂದ ಬಿಡಿಸಿಕೊಂಡ ಕ್ಷಣ ಹೊರಬಿಡೋಕೆ ಸಿದ್ಧವಾಗಿರಿ, ಇಲ್ಲಾಂದ್ರೆ ರಾಕೆಟ್.

ತಳದ ಹತ್ತಿರ ಸೆಳವು ಕಡಿಮೆ, ಬಂಡೆಯ ಮರೆಯಲ್ಲಿ ಇನ್ನೂ ಕಡಿಮೆ. ಜೋರು ಗಾಳಿಯಲ್ಲಿ ಮರದ ಹಿಂದೆ ನಿಂತ್ಕೊಳ್ತೀವಲ್ಲ, ಅದೇ ಬುದ್ಧಿ.

8/9

ಈಗ ನನಗೆ ಬೈಯೋರ ಸರದಿ. ಕೋರ್ಸ್ ಕಡ್ಡಾಯ ಆಗ್ಬೇಕು ಅನ್ನೋರಲ್ಲಿ ನಾನು ಗೌರವಿಸೋ ಇನ್‌ಸ್ಟ್ರಕ್ಟರ್‌ಗಳಿದ್ದಾರೆ. ಅವರ ವಾದ ಹೀಗೆ: "ನೀನು ಹೇಳೋ ಹಾಗೆ ಪೂಲ್‌ನಲ್ಲಿ ಐದಾರು ಸಲ, ಸಮುದ್ರದಲ್ಲಿ ಐದಾರು ಸಲ ಅಂತ ತಾವಾಗೇ ಯಾರು ಮಾಡ್ತಾರೆ? ಕೋರ್ಸ್ ಅಂತ ದುಡ್ಡು ಕಟ್ಟಿದ್ರೆ ಮಾತ್ರ ಮಾಡ್ತಾರೆ. ಇಲ್ಲಾಂದ್ರೆ 'ಗೊತ್ತು ಗೊತ್ತು' ಅಂತ ಹೊರಟುಬಿಡ್ತಾರೆ."

ಈ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ನಿಜವಾಗ್ಲೂ ನಮ್ಮ ಜನ ಹಾಗೇ. ಜಿಮ್‌ಗೆ ವರ್ಷದ ಫೀಸ್ ಕಟ್ಟಿದ್ಮೇಲೂ ಹೋಗದವರು ನಾವು, ಪುಕ್ಕಟೆ ಅಭ್ಯಾಸ ಎಲ್ಲಿಂದ ಮಾಡ್ತೀವಿ?

ಅದಕ್ಕೇ ನಾನು ಕೋರ್ಸ್ ಬೇಡ ಅನ್ನಲ್ಲ. ಎಲ್ಲಿ ಮಾಡ್ತೀರಿ, ಯಾರ ಹತ್ರ ಮಾಡ್ತೀರಿ ಅನ್ನೋದನ್ನ ನೋಡಿ ಅಂತೀನಿ. ಸೆಳವೇ ಇಲ್ಲದ ದಿನ, ಸೆಳವೇ ಇಲ್ಲದ ಜಾಗದಲ್ಲಿ 'ಡ್ರಿಫ್ಟ್ ಸ್ಪೆಷಾಲಿಟಿ' ಮುಗಿಸಿಕೊಡ್ತೀವಿ, ಟ್ರಿಪ್‌ಗೆ ಮುಂಚೆ ಕಾರ್ಡ್ ಕೈಲಿರತ್ತೆ ಅನ್ನೋರ ಹತ್ರ ಹೋಗಬೇಡಿ. ಆ ಎರಡು ಡೈವ್ ಮಾಡೋದಾದ್ರೆ, ಹೋಗ್ತಿರೋ ಜಾಗದಲ್ಲೇ, ಮೊದಲ ದಿನವೇ, ಅಲ್ಲಿನ ನೀರು ಗೊತ್ತಿರೋ ಇನ್‌ಸ್ಟ್ರಕ್ಟರ್ ಜೊತೆ ಮಾಡಿ. ಆಗ ಅದು ದುಡ್ಡಿಗೆ ತಕ್ಕ ಕೋರ್ಸ್. ಇಲ್ಲಿ ಮಾಡೋದಾದ್ರೆ ಅದೇ ದುಡ್ಡಲ್ಲಿ ಬಯನ್ಸಿ ಮತ್ತು ಎಸ್‌ಎಂಬಿ ಮೇಲೆ ಎರಡು ದಿನ ಕೂರಿ, ಕಾರ್ಡ್ ಬರದಿದ್ರೂ ಪರವಾಗಿಲ್ಲ.

ಇನ್ನೊಂದು ಗುಂಪಿದೆ. "ಗೈಡ್ ಇದ್ದಾರಲ್ಲ, ನಾವು ಹಿಂದೆ ಹೋದ್ರೆ ಆಯ್ತು" ಅನ್ನೋರು. ಇವರ ಬಗ್ಗೆ ನನಗೆ ಹೆಚ್ಚು ಭಯ. ಆರು ಜನರ ಗುಂಪಲ್ಲಿ ಸೆಳವು ಒಬ್ಬರನ್ನ ಬೇರೆ ಮಾಡಿದ್ರೆ ಗೈಡ್ ಏನು ಮಾಡಬೇಕು? ಒಬ್ಬರ ಹಿಂದೆ ಹೋದ್ರೆ ಐದು ಜನ ಬಿಟ್ಟ ಹಾಗೆ, ಐದು ಜನರ ಜೊತೆ ಇದ್ರೆ ಒಬ್ಬರನ್ನ ಬಿಟ್ಟ ಹಾಗೆ. ಹಾಗಾಗಿಯೇ ಎಲ್ಲರಿಗೂ ಒಂದೇ ನಿಯಮ ಇರೋದು: ಸಂಗಾತಿ ತಪ್ಪಿದ್ರೆ ಒಂದು ನಿಮಿಷ ಹುಡುಕಿ, ಸಿಗದಿದ್ರೆ ನಿಧಾನವಾಗಿ ಮೇಲೆ ಬನ್ನಿ. ಆ ಒಂಟಿ ಏರಿಕೆಯಲ್ಲಿ ಗೈಡ್ ಇರಲ್ಲ, ಕಾರ್ಡ್ ಇರಲ್ಲ. ಜೇಬಲ್ಲಿರೋ ಚೀಲ, ಅದನ್ನ ಕಳಿಸೋಕೆ ಬರೋ ಕೈ, ಅಷ್ಟೇ ಇರೋದು.

9/9

ಬುಕ್ ಮಾಡೋ ಮುಂಚೆ ಮಾಡಬಹುದಾದ ಕೆಲಸಗಳು. ಮೊದಲನೆಯದು ಪುಕ್ಕಟೆ.

ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಹೌದು, ಅಮ್ಮ ಸಂಕಷ್ಟಿ ನೋಡೋ ಅದೇ ಕ್ಯಾಲೆಂಡರ್. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಉಬ್ಬರ ಇಳಿತದ ವ್ಯತ್ಯಾಸ ಅತಿ ಹೆಚ್ಚು, ಹಾಗಾಗಿ ಕಂಡಿಗಳಲ್ಲಿ ಸೆಳವೂ ಜೋರು. ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ಗಾಳಿ, ಋತು ಎಲ್ಲಾ ಸೇರಿ ಇದನ್ನ ಏರುಪೇರು ಮಾಡ್ತವೆ, ಆದ್ರೂ ಮೊದಲ ಸಲ ಹೋಗೋರು ಅಷ್ಟಮಿ ಕಡೆಯ ವಾರ ಆರಿಸ್ಕೊಳ್ಳಿ. ಮೀನುಗಾರರಿಗೆ ಗೊತ್ತಿರೋ ಈ ವಿಷಯ ಡೈವರ್‌ಗಳಿಗೆ ಆ್ಯಪ್ ಹೇಳಬೇಕಾಗಿದೆ.

ಬೋಟ್‌ನವರನ್ನ ಕೇಳಿ. ಡೈವರ್‌ಗಳು ಕೆಳಗಿರೋವಾಗ ಬೋಟ್ ಹಿಂದೆ ಬರತ್ತಾ, ಅಥವಾ ಲಂಗರು ಹಾಕಿ ಊಟ ಮಾಡ್ತಾ ಕೂತಿರತ್ತಾ? ಮೇಲೆ ನೋಡ್ತಾ ಇರೋಕೇ ಅಂತ ಒಬ್ಬರು ಇದ್ದಾರಾ? ಇಳಿಯೋ ಮುಂಚೆ ಗೈಡ್ ನೀರಿಗೆ ಹಾರಿ ಸೆಳವಿನ ದಿಕ್ಕು ನೋಡ್ತಾರಾ? ಮಾಲ್ಡೀವ್ಸ್‌ನ ಒಳ್ಳೆ ಗೈಡ್‌ಗಳು ಇದನ್ನ ಕೇಳದೇ ಮಾಡ್ತಾರೆ. ನೀರು ಒಳಗೆ ಬರ್ತಿದ್ರೆ ಕಂಡುವಿನಲ್ಲಿ ಇಳಿಸ್ತಾರೆ, ಹೊರಗೆ ಹೋಗ್ತಿದ್ರೆ ಜಾಗ ಬದಲಿಸ್ತಾರೆ. ಯಾಕಂದ್ರೆ ಹೊರಗೆ ಹೋಗೋ ನೀರಿನ ಮುಂದೆ ಇರೋದು ಬರೀ ಸಾಗರ. "ಇವತ್ತು ಬೇಡ" ಅಂದ ಗೈಡ್‌ಗೆ ಮುಖ ಸಣ್ಣ ಮಾಡಬೇಡಿ, ಟಿಪ್ಸ್ ಜಾಸ್ತಿ ಕೊಡಿ. ಅಲ್ಲಿ ಮನರಂಜನೆಯ ಡೈವ್‌ಗೆ 30 ಮೀಟರ್ ಮಿತಿ ಇದೆ, ಶಾರ್ಕ್ ಇನ್ನೂ ಕೆಳಗಿದೆ ಅಂತ ಅದನ್ನ ದಾಟಿಸೋರ ಜೊತೆ ಇಳಿಯಬೇಡಿ.

ನಿಮ್ಮ ಗುಂಪಲ್ಲಿ ಯಾರಾದ್ರೂ ಈ ಪ್ರಶ್ನೆ ಕೇಳೋಕೆ ಸಂಕೋಚ ಪಟ್ರೆ ನೀವೇ ಕೇಳಿ. ದುಡ್ಡು ಕೊಟ್ಟಿರೋದು ನೀವು.

ಮತ್ತೆ, ಇಲ್ಲೇ ಶುರು ಮಾಡಬಹುದು. ನೇತ್ರಾಣಿ ಸೀಸನ್ ಮಳೆಗಾಲ ಮುಗಿದ ಮೇಲೆ ತೆರೆಯತ್ತೆ. ಎರಡನೇ ಡೈವ್‌ನ ಕೊನೆಯ ಹತ್ತು ನಿಮಿಷ ಎಸ್‌ಎಂಬಿ ಅಭ್ಯಾಸಕ್ಕೆ ಕೊಡ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕೊಡಲ್ಲ ಅಂದ್ರೆ ಕೊಡೋ ಬೇರೆಯವರನ್ನ ಹುಡುಕಿ. ನಿಮ್ಮದೇ ಚೀಲ ತಗೊಂಡು ಹೋಗಿ, ಬಾಡಿಗೆದು ಬೇಡ, ನಾಳೆ ಜೇಬಲ್ಲಿ ಇರಬೇಕಾದ್ದು ಅದೇ ಚೀಲ.

ಎಸ್‌ಎಂಬಿ ಯಾವ ಉದ್ದದ್ದು, ದಾರ ಎಷ್ಟು ಮೀಟರ್ ಅಂತ ಕೇಳೋರಿಗೆ: ನನ್ನದು 1.5 ಮೀಟರ್, ದಾರ 30 ಮೀಟರ್. ಬಾಯಿಂದ ಊದೋದಕ್ಕೂ, ರೆಗ್ಯುಲೇಟರ್ ಗಾಳಿಯಿಂದ ತುಂಬಿಸೋದಕ್ಕೂ ಬರೋ ತರದ್ದು. ಬೇರೆ ಪ್ರಶ್ನೆ ಇದ್ರೆ ಡಿಎಂ ಬೇಡ, ಕಾಮೆಂಟ್‌ನಲ್ಲೇ ಕೇಳಿ, ಬೇರೆಯವರಿಗೂ ಉಪಯೋಗ ಆಗತ್ತೆ. ಡ್ರಿಫ್ಟ್ ಕಾರ್ಡ್ ತಗೊಂಡೋರು, ನಿಮ್ಮ ಎರಡು ಡೈವ್ ಎಲ್ಲಿ ಆಯ್ತು, ಅಲ್ಲಿ ಸೆಳವು ಇತ್ತಾ ಅಂತಲೂ ಬರೀರಿ.

#ಸ್ಕೂಬಾ #ಡ್ರಿಫ್ಟ್‌ಡೈವ್ #ನೇತ್ರಾಣಿ #ಮಾಲ್ಡೀವ್ಸ್ #ಕನ್ನಡದಲ್ಲಿಡೈವಿಂಗ್